ಹೆಪ್ಪಿನಲ್ಲಿ ಸಿಕ್ಕ ಬಟಾಣಿ

ನಾಲ್ಕು ವರ್ಷದ ಹಿಂದೆ ಸಮುದ್ರಕ್ಕೆ ನಾನು ಹೆಪ್ಪು ಹಾಕಿದಾಗ ಅದು ಎಷ್ಟು ಬೇಗ ಗಟ್ಟಿಯಾಯಿತೆಂದರೆ, ಉಸಿರೆಳೆದುಕೊಳ್ಳಲು ಮೇಲೆ ಬಂದ ತಿಮಿಂಗಿಲವೊಂದು ತಲೆ ಹೊರಗೆ, ಮೈ ಒಳಗೆ ಆಗಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಊರವರೆಲ್ಲ ಕೊಡಲಿ ತರಲು ಓಡಿದರು. ನಾನು ಓಡಲಿಲ್ಲ. ಸೊಂಟದಿಂದ ನಶ್ಯದ ಡಬ್ಬಿ ತೆಗೆದು, ಚಿಟಿಕೆಯಲ್ಲ, ಎರಡು ಬೊಗಸೆ ನಶ್ಯವನ್ನು ಅದರ ನೆತ್ತಿಯ ಮೇಲಿನ ಮೂಗಿಗೆ ಸುರಿದೆ. ತಿಮಿಂಗಿಲ ನನ್ನನ್ನು ಒಮ್ಮೆ ನೋಡಿತು, ಕಣ್ಣು ಮುಚ್ಚಿತು, ಆಮೇಲೆ ಸೀನಿತು. ಆ ಸೀನಿಗೆ ಮೂರು ಮೈಲಿ ಮಂಜುಗಡ್ಡೆ ಬಿರಿಯಿತು. ನಾನು ಗಾಳಿಯಲ್ಲಿ ತೇಲಿಹೋಗಿ ಕೊಲ್ಲಿಯ ಆಚೆ ದಂಡೆಯಲ್ಲಿ, ಯಾರೋ ಬಡಿಸಿಟ್ಟಿದ್ದ ಊಟದ ಮುಂದೆ ಚಕ್ಕಳಮಕ್ಕಳ ಹಾಕಿಕೊಂಡೇ ಇಳಿದೆ. ಊಟ ಮುಗಿಸಿ ಏಳುವಷ್ಟರಲ್ಲಿ ಸಮುದ್ರ ಮತ್ತೆ ಗಟ್ಟಿಯಾಗಿತ್ತು, ಹಲ್ಲು ಕೆದಕಿಕೊಳ್ಳುತ್ತ ನಡೆದು ಬಂದೆ. ನಂಬಿಕೆಯಿಲ್ಲದಿದ್ದರೆ ಆ ತಿಮಿಂಗಿಲವನ್ನೇ ಕೇಳಿ. ಈಗಲೂ ನನ್ನನ್ನು ಕಂಡರೆ ಅದು ಮೂಗು ಮುಚ್ಚಿಕೊಂಡು ಮುಳುಗುತ್ತದೆ.

ನಿಮ್ಮ ಕಡೆ ಹಾಲಿಗೆ ಹೆಪ್ಪು ಹಾಕುತ್ತಾರೆಂದು ಕೇಳಿದ್ದೇನೆ. ಒಳ್ಳೆಯದು, ಚಿಕ್ಕ ಕೆಲಸವನ್ನೂ ಯಾರಾದರೂ ಮಾಡಬೇಕಲ್ಲ. ನಮ್ಮ ಊರಿನಲ್ಲಿ ಸಮುದ್ರಕ್ಕೆ ಹಾಕುತ್ತೇವೆ. ಬೇರೆ ಊರುಗಳಲ್ಲಿ ಸಮುದ್ರ ತನ್ನಷ್ಟಕ್ಕೆ ತಾನೇ ಗಟ್ಟಿಯಾಗುತ್ತದಂತೆ. ನಾವು ಅಂಥದ್ದನ್ನು ಶಿಸ್ತಿಲ್ಲದ ಸಮುದ್ರ ಎನ್ನುತ್ತೇವೆ. ನಮ್ಮ ಕೊಲ್ಲಿಗೆ ಹಿಂದಿನ ಚಳಿಗಾಲದ ಮಂಜುಗಡ್ಡೆಯ ಒಂದು ತುಂಡು ಬೇಕು. ಕಡಲನಾಯಿಯ ತಲೆಯಷ್ಟು ದೊಡ್ಡದು, ಅದೇ ಪ್ರಾಣಿಯ ತೊಗಲಿನಲ್ಲಿ ಸುತ್ತಿ, ಬೇಸಗೆಯುದ್ದಕ್ಕೂ ನೆಲದಾಳದ ಹಗೇವಿನಲ್ಲಿ ಕಾಪಾಡಿದ್ದು. ಹಗಲು ಪೂರಾ ಕುಗ್ಗಿದ ಮೇಲೆ ಅದನ್ನು ನೀರಿಗೆ ಬಿಟ್ಟರೆ ಹತ್ತು ದಿನದಲ್ಲಿ ಕೊಲ್ಲಿ ಈ ದಂಡೆಯಿಂದ ಆ ದಂಡೆಯವರೆಗೆ ಕೆನೆಗಟ್ಟಿ, ಗಟ್ಟಿಯಾಗಿ, ನಾಯಿಬಂಡಿ ಓಡಿಸುವ ರಸ್ತೆಯಾಗುತ್ತದೆ. ಮತ್ತೆ ಅದರಿಂದಲೇ ಒಂದು ತುಂಡು ಒಡೆದು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಕು. ಈ ಹೆಪ್ಪು ಇಡುವ ಮನೆ ನಮ್ಮದು. ನನಗಿಂತ ಮೊದಲು ನನ್ನ ಅವ್ವ, ಅವಳಿಗಿಂತ ಮೊದಲು ಅವಳಪ್ಪ, ಹೀಗೆ ಹಿಂದೆ ಹಿಂದೆ ಹೋದರೆ ಸಮುದ್ರ ಇನ್ನೂ ಕೊಡದಲ್ಲಿದ್ದ ಕಾಲಕ್ಕೆ ಹೋಗಿ ಮುಟ್ಟುತ್ತದೆ.

ಹೆಪ್ಪು ಹಾಕಿದವನಿಗೆ ಒಂದು ಕಟ್ಟಳೆಯಿದೆ. ಗಟ್ಟಿಯಾದ ಸಮುದ್ರದ ಮೇಲೆ ಮೊದಲು ನಡೆಯುವವನು ಅವನೇ. ಭಾರ ಹೇರಿದ ಬಂಡಿಯನ್ನು ಎಳೆದುಕೊಂಡು ಆಚೆ ದಂಡೆ ಮುಟ್ಟಿ ಬರಬೇಕು. ಅವನು ಬಂದ ಮೇಲೆ ಉಳಿದವರು ಇಳಿಯುತ್ತಾರೆ. ಕಬ್ಬಿಣದ ಮೊನೆಯ ಕೋಲಿನಿಂದ ಮಂಜುಗಡ್ಡೆಯನ್ನು ಕುಟ್ಟಿ ನೋಡುವುದು ಬೇರೆ ಊರುಗಳಲ್ಲಿ ಸರಿ. ನಮ್ಮಲ್ಲಿ ಹಾಗೆ ಮಾಡಿದರೆ, ಬಡಿಸಿದವರ ಎದುರಿಗೇ ಊಟವನ್ನು ಮೂಸಿ ನೋಡಿದ ಹಾಗೆ. ಹೆಪ್ಪಿನ ಮನೆಯವನ ಕಾಲೇ ಕೋಲು.

ಇನ್ನು ನನ್ನ ಅವ್ವನ ವಿಷಯ. ಅವಳು ತೀರಿಕೊಂಡು ಹತ್ತು ವರ್ಷವಾಯಿತು. ಅವಳಿಗೀಗ ಒಂಬತ್ತು ವಯಸ್ಸು. ಗಾಬರಿಯಾಗಬೇಡಿ, ಸತ್ತವರ ಹೆಸರನ್ನು ಆಮೇಲೆ ಹುಟ್ಟಿದ ಮಗುವಿಗೆ ಇಟ್ಟರೆ ಸಂಬಂಧವೂ ಹೆಸರಿನ ಜೊತೆಗೇ ಬರುತ್ತದೆ ನಮ್ಮಲ್ಲಿ. ನನ್ನ ತಂಗಿ ಇವಾಲು ತನ್ನ ಮಗಳಿಗೆ ಅವ್ವನ ಹೆಸರಿಟ್ಟಳು, ಪಿಪಲುಕ್ ಅಂತ. ಅಂದಿನಿಂದ ಆ ಹುಡುಗಿ ನನಗೆ ಅವ್ವ, ನಾನು ಅವಳಿಗೆ ಮಗ. ಇವಾಲು ಕೂಡ ತಾನು ಹೆತ್ತವಳನ್ನೇ ಅವ್ವ ಎನ್ನುತ್ತಾಳೆ. ಇವಾಲುವಿನ ಗಂಡ ಕಿಲ್ಲಾಕ್‌ನ ಪಾಡು ಇನ್ನೂ ಚಂದ. ಅತ್ತೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂಗು ಒರೆಸಿದ ಅಳಿಯ ಲೋಕದಲ್ಲಿ ಅವನೊಬ್ಬನೇ ಇರಬೇಕು. ಈ ಅವ್ವನಿಗೆ ಮುಂದಿನ ಎರಡು ಹಲ್ಲಿನ ನಡುವೆ ಸಂದು, ಕೈಗವುಸು ಯಾವಾಗಲೂ ಒದ್ದೆ. ಆದರೆ ಬೈಗುಳ ಹಳೆಯ ಅವ್ವನದೇ. ನಾನು ಕಥೆ ಶುರುಮಾಡಿದರೆ ಸಾಕು, ಗಲ್ಲಕ್ಕೆ ಕೈಯಿಟ್ಟು, "ಮಗಾ, ನಿಂದು ಇವತ್ತು ಎಷ್ಟು ಉದ್ದ?" ಎಂದು ಕೇಳುತ್ತಾಳೆ.

ಎಲ್ಲ ಚೆನ್ನಾಗಿತ್ತು. ಆಮೇಲೆ ಸೆಕೆ ಬಂತು.

ಮೊದಲು ಬಂದವು ಸೊಳ್ಳೆಗಳು. ಅವು ಎಷ್ಟು ದೊಡ್ಡವೆಂದರೆ, ಎರಡು ಸೇರಿ ನನ್ನ ಟೋಪಿ ಹೊತ್ತುಕೊಂಡು ಹೋದವು, ತಲೆಗೆ ಸಣ್ಣದಾಯಿತೆಂದು ಮಾರನೆಯ ದಿನ ವಾಪಸು ತಂದುಕೊಟ್ಟವು. ಆಮೇಲೆ ನೆಲ ಮೆತ್ತಗಾಯಿತು, ಮನೆಗಳು ವಾಲತೊಡಗಿದವು. ಅಂಗಡಿಯ ತುಕುಮಾ ಅಕ್ಕನ ಕಟ್ಟಡ ಸಮುದ್ರದ ಕಡೆಗೆ ಎಷ್ಟು ವಾಲಿತೆಂದರೆ, ಅವಳು ಸಾಮಾನನ್ನೆಲ್ಲ ಮೇಲಿನ ಗೋಡೆಗೆ ಜೋಡಿಸಿಟ್ಟು, ಗಿರಾಕಿ ಕೇಳಿದ್ದನ್ನು ಉರುಳಿಸಿಬಿಡುತ್ತಾಳೆ. ಬಾಗಿಲಲ್ಲಿ ನಿಂತು ಕೈಯೊಡ್ಡಿದರೆ ಆಯಿತು. ನಾಯಿಗಳಿಗೆ ಓಡುವ ತಿಂಗಳು ಕಡಿಮೆಯಾಗಿ ಹೊಟ್ಟೆ ಬಂತು. ನನ್ನ ಬಂಡಿಯ ಮುಂದಿನ ನಾಯಿಯಂತೂ ಪಟ್ಟಿ ಕಟ್ಟಿಸಿಕೊಂಡು ಹಾಗೆಯೇ ನಿದ್ದೆ ಹೋಗುವುದನ್ನು ಕಲಿಯಿತು.

ಆಮೇಲೆ ಹಗೇವುಗಳು ಕೈಕೊಟ್ಟವು. ನಮ್ಮ ಅಜ್ಜಂದಿರು ವರ್ಷವಿಡೀ ಮಂಜುಗಟ್ಟಿರುತ್ತಿದ್ದ ನೆಲವನ್ನು ಆಳುದ್ದ ತೋಡಿ ಮಾಡಿದ ಗುಂಡಿಗಳವು. ಅದರಲ್ಲಿಟ್ಟ ಮಾಂಸ ಮೂರು ವರ್ಷ ಬಿಟ್ಟು ತೆಗೆದರೂ ನಿನ್ನೆ ಕೊಯ್ದ ಹಾಗಿರುತ್ತಿತ್ತು. ಒಂದು ಬೇಸಗೆ ಏಣಿಯಿಳಿದವರಿಗೆ ಮೊಣಕಾಲವರೆಗೆ ನೀರು. ಮಾಂಸದ ವಾಸನೆ ಊರೆಲ್ಲ ಹರಡಿ, ಜನ ಒಬ್ಬರ ಮುಖ ಒಬ್ಬರು ನೋಡದೆ ಅದನ್ನು ಹೊತ್ತು ದೂರ ಎಸೆದು ಬಂದರು. ಆ ದಿನದ ಬಗ್ಗೆ ನಾನೂ ಏನೂ ಸೇರಿಸಿ ಹೇಳುವುದಿಲ್ಲ. ಮುಂದಿನ ಹಡಗಿನಲ್ಲಿ ತುಕುಮಾ ಅಕ್ಕ ಶವಪೆಟ್ಟಿಗೆಯಷ್ಟು ಉದ್ದದ ಒಂದು ಫ್ರೀಜರ್ ತರಿಸಿದಳು. ಮಂಜಿನ ಮೇಲೆ ಮನೆ ಕಟ್ಟಿಕೊಂಡವರು ಮಂಜಿನ ಪೆಟ್ಟಿಗೆ ತರಿಸಿದ್ದು ನೋಡಿ ಹಡಗಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಊರವರೆಲ್ಲ ತಮ್ಮ ತಮ್ಮ ಮಾಂಸವನ್ನು ಅದರಲ್ಲಿ, ಅಂಗಡಿಯ ಬಟಾಣಿ ಚೀಲಗಳ ಪಕ್ಕದಲ್ಲಿ ಇಟ್ಟರು.

"ನಿಮ್ಮ ಹಗೇವು ಹೇಗಿದೆಯೋ?" ಎಂದು ಎಲ್ಲರೂ ನನ್ನನ್ನು ಕೇಳುತ್ತಿದ್ದರು. ಕೇಳಬೇಕಾದ ಮಾತೇ. ಹೆಪ್ಪು ಇದ್ದದ್ದು ಅದರಲ್ಲಿ ತಾನೆ?

"ನಮ್ಮದಾ?" ಎನ್ನುತ್ತಿದ್ದೆ. "ಇಳಿದು ನಕ್ಕರೆ ನಗು ಹಲ್ಲಿಗೇ ಅಂಟಿಕೊಳ್ಳುತ್ತೆ. ಮೊನ್ನೆ ನನ್ನ ನೆರಳು ಅಲ್ಲೇ ಗೋಡೆಗೆ ಹತ್ತಿಕೊಂಡುಬಿಟ್ಟಿತು, ಬಿಡಿಸಿ ತರಬೇಕಾದರೆ ಸಾಕಾಯಿತು." ಆದರೆ ಅದರೊಳಗೆ ಯಾರನ್ನೂ ಇಳಿಯಲು ಬಿಡಲಿಲ್ಲ. ಚಳಿಗೆ ಸತ್ತುಹೋದಾರು ಎಂಬ ಕರುಣೆಯಿಂದಲೇ. ತುಕುಮಾ ಅಕ್ಕನ ಫ್ರೀಜರಿನ ಮೂಲೆಯಲ್ಲಿ ನಾನೂ ಒಂದು ಬಟ್ಟೆ ಮುಚ್ಚಿದ ಪಾತ್ರೆ ಇಟ್ಟಿದ್ದೆ. ಅದರಲ್ಲಿ ಏನಿತ್ತು ಎಂಬುದು ಮನೆಯ ವಿಷಯ.

ಈಗ ಹೇಳುವುದು ಈ ಸಲದ ಚಳಿಗಾಲದ್ದು. ತಂಗಿ ಇವಾಲು ತುಂಬು ಬಸುರಿ. ಸೂಲಗಿತ್ತಿ ಇರುವುದು ಆಚೆ ದಂಡೆಯ ಊರಿನಲ್ಲಿ. ಆದ್ದರಿಂದ ನೀರು ಹೆಪ್ಪುಗಟ್ಟುವ ಮೊದಲು ಹೋಗುವ ಕೊನೆಯ ದೋಣಿಯಲ್ಲಿ ಅವಳನ್ನು ಕಳಿಸಿದೆವು. ಹೆರಿಗೆಯಾಗುತ್ತದೆ, ಅಷ್ಟರಲ್ಲಿ ಸಮುದ್ರ ಗಟ್ಟಿಯಾಗುತ್ತದೆ, ಗಂಡ ಬಂಡಿ ಕಟ್ಟಿಕೊಂಡು ಹೋಗಿ ತಾಯಿ ಮಗುವನ್ನು ಕರೆತರುತ್ತಾನೆ. ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ್ದು ಹಾಗೆಯೇ.

ಅವಳು ಹೋದ ಮೇಲೆ ಹೆಪ್ಪು ಹಾಕುವ ದಿನ ಬಂತು. ತೊಗಲಿನ ಗಂಟನ್ನು ಬಿಚ್ಚುವ ಹಕ್ಕು ಹೆಪ್ಪಿನ ಮನೆಯ ಹಿರಿಯಳದು, ಎಂದರೆ ಒಂಬತ್ತು ವರ್ಷದ ನನ್ನ ಅವ್ವನದು. ಊರೆಲ್ಲ ದಂಡೆಯ ಮೇಲೆ ಬಾಯಿ ಮುಚ್ಚಿಕೊಂಡು ನಿಂತಿತ್ತು. ಅವ್ವ ಗಂಟು ಬಿಚ್ಚಿದಳು, ಮಂಜಿನ ತುಂಡಿನ ಮೇಲೆ ಬಗ್ಗಿದಳು, ವಾಡಿಕೆಗಿಂತ ಸ್ವಲ್ಪ ಹೆಚ್ಚು ಹೊತ್ತು ಬಗ್ಗಿದಳು. ಉಗುರಿನಿಂದ ಏನೋ ಕೆರೆದ ಹಾಗಾಯಿತು. ಮೂಗು ಒರೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಅವಳು ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿ ತುಂಡನ್ನು ನನ್ನ ಕೈಗಿಟ್ಟಳು. ನಾನದನ್ನು ನೀರಿಗೆ ಬಿಟ್ಟೆ.

ಹತ್ತು ದಿನವಾಯಿತು. ಸಮುದ್ರ ಗಂಜಿಯಂತಿತ್ತು. ಇಪ್ಪತ್ತು ದಿನವಾಯಿತು, ಗಂಜಿ ಸ್ವಲ್ಪ ಮಂದವಾಯಿತು. ದೋಣಿ ಬಿಡಲಾಗದಷ್ಟು ಗಟ್ಟಿ, ಬಂಡಿ ಓಡಿಸಲಾಗದಷ್ಟು ತೆಳು. ಇಪ್ಪತ್ತೆರಡನೆಯ ದಿನ ಅಂಗಡಿಯ ರೇಡಿಯೋದಲ್ಲಿ ಆಚೆ ದಂಡೆಯಿಂದ ಇವಾಲುವಿನ ದನಿ ಬಂತು. ಗಂಡು ಮಗು. ಅದು ಅತ್ತದ್ದೂ ಕೇಳಿಸಿತು. ವಾಲಿದ ಅಂಗಡಿಯಲ್ಲಿ ಒಬ್ಬರ ಮೇಲೊಬ್ಬರು ಒರಗಿ ನಿಂತಿದ್ದ ಊರವರೆಲ್ಲ ಅಳುವಿಗೆ ಅಂಕ ಕೊಟ್ಟರು.

"ದನಿ ಥೇಟ್ ಸೋದರಮಾವನದೇ," ಎಂದಳು ತುಕುಮಾ ಅಕ್ಕ. "ಇಷ್ಟಕ್ಕೆ ಇಷ್ಟು ಗಲಾಟೆ."

"ಹೆಸರೇನಿಟ್ಟೆ?" ಎಂದು ಪಿಪಲುಕ್ ರೇಡಿಯೋದ ಬಾಯಿಗೇ ಬಾಯಿಟ್ಟು ಕೇಳಿದಳು.

"ಇಟ್ಟಿಲ್ಲ ಅವ್ವ. ಹೆಸರಿಡೋ ಹಿರಿಯಳು ನೀನು. ನೀನು ಬಂದ ಮೇಲೇ."

"ಅಲ್ಲೀವರೆಗೆ ಏನಂತ ಕರೀತೀರಿ?"

"ಏ ಅಂತ."

ಅವ್ವನಿಗೆ ಇದು ಹಿಡಿಸಲಿಲ್ಲ. ಮನುಷ್ಯನನ್ನು 'ಏ' ಎಂದು ಕರೆಯುವುದೇ? ಮಧ್ಯಾಹ್ನದ ಬೂದು ಬೆಳಕಿನಲ್ಲಿ ದಿನಾ ದಂಡೆಗೆ ಹೋಗಿ ನಿಲ್ಲುತ್ತಿದ್ದಳು. ಬಂದು ನನ್ನನ್ನು ಕೇಳುತ್ತಿದ್ದಳು, "ಮಗಾ, ಸಮುದ್ರ ಯಾಕೆ ಲೋಳೆಯಾಗಿದೆ?" ನಾನು ಹೇಳುತ್ತಿದ್ದೆ, ಈ ಸಲದ ಹೆಪ್ಪು ಎಷ್ಟು ಜೋರಾಗಿದೆಯೆಂದರೆ ಅದು ತಳದಿಂದ ಗಟ್ಟಿ ಮಾಡಿಕೊಂಡು ಬರುತ್ತಿದೆ, ಮೇಲೆ ಬರಲು ಸ್ವಲ್ಪ ತಡ. "ಹೂಂ," ಎನ್ನುತ್ತಿದ್ದಳು. ಆ ಹೂಂ ನನಗೆ ಹಳೆಯ ಅವ್ವನ ಕಾಲದಿಂದಲೂ ಗೊತ್ತು.

ನಲವತ್ತೊಂದನೆಯ ದಿನ ಮೇಲೆಲ್ಲ ಬಿಳಿ ಕಟ್ಟಿತು. ನಾಳೆ ನಡಿಗೆ ಎಂದು ಊರು ತೀರ್ಮಾನಿಸಿತು. ಮಾರನೆಯ ದಿನ ಎಲ್ಲರೂ ಸೇರಿದರು. ಭಾರದ ಬಂಡಿ ಸಿದ್ಧವಾಗಿತ್ತು. ನಾನು ಕುಂಟುತ್ತ ಬಂದೆ.

"ಮೊಣಕಾಲು," ಎಂದೆ. "ನಿನ್ನೆ ಹಿಮಕರಡಿಯ ಜೊತೆ ಕುಸ್ತಿ. ಗೆದ್ದೆ. ಆದರೆ ಅದು ಸೋತ ಸಿಟ್ಟಿಗೆ ಮೊಣಕಾಲಿಗೆ ಒದ್ದು ಹೋಯಿತು. ಒಂದು ಹದಿನೈದು ದಿನ ತಡೆಯೋಣ."

ಹದಿನೈದು ದಿನ ಎಂದದ್ದು ಕೇಳಿ ಕಿಲ್ಲಾಕ್‌ನ ಮುಖ ಇಳಿಯಿತು. ಅವನು ನನ್ನ ಹಾಗಲ್ಲ, ಬಹಳ ಮಾತಿನವನಲ್ಲ. ಮೊದಲ ಮಗನನ್ನು ರೇಡಿಯೋದಲ್ಲಿ ಮಾತ್ರ ಕೇಳಿದ್ದವನು. "ಭಾವ," ಎಂದ, "ಹೆಪ್ಪು ನಿಮ್ಮದು, ಕಾಲು ನನ್ನದಾದರೆ ಸಮುದ್ರಕ್ಕೇನು ಗೊತ್ತಾಗುತ್ತೆ? ನಿಮ್ಮ ಬದಲು ನಾನು ಮೊದಲು ಹೋಗ್ತೀನಿ." ಜನರೂ ಸರಿಯೆಂದರು. ಹೆಪ್ಪಿನ ಮನೆಯ ಅಳಿಯ, ಅವನೂ ಒಂದು ರೀತಿಯಲ್ಲಿ ಮನೆಯವನೇ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನಾಯಿಗಳನ್ನು ಕಟ್ಟಿಯಾಗಿತ್ತು.

ಆಗ ಅವ್ವ ಹೋಗಿ ಬಂಡಿಯ ಮೇಲೆ ಹತ್ತಿ ಕೂತಳು. ಕಾಲಿನ ಮೇಲೆ ತೊಗಲು ಹೊದ್ದುಕೊಂಡಳು. ಮುಂದೆ ನೋಡಲಿಲ್ಲ, ತಿರುಗಿ ನನ್ನನ್ನೇ ನೋಡುತ್ತ ಕೇಳಿದಳು.

"ಹೊರಡಲಾ ಮಗಾ?"

"ಗಾಳಿ ನೋಡು ಅವ್ವ," ಎಂದೆ. ಗಾಳಿ ಇರಲಿಲ್ಲ.

"ಹೊರಡಲಾ?"

"ಮುಂದಿನ ನಾಯಿಗೆ ಹೊಟ್ಟೆ ಸರಿಯಿಲ್ಲ." ನಾಯಿ ನಿದ್ದೆ ಮಾಡುತ್ತಿತ್ತು.

"ಬಿಡಿ ಭಾವ, ದಾರೀಲಿ ಸರಿಹೋಗುತ್ತೆ," ಎಂದ ಕಿಲ್ಲಾಕ್, ಚಾವಟಿಯೆತ್ತಿ. "ಅತ್ತೆ, ಗಟ್ಟಿಯಾಗಿ ಹಿಡಕೋ."

"ಮಗಾ. ಮೂರನೇ ಸಲ ಕೇಳ್ತಿದೀನಿ. ಹೊರಡಲಾ?"

ಮೊಣಕಾಲು ನೋವನ್ನು ಮರೆತು ನಾನು ಹೋಗಿ ಬಂಡಿಯ ಮುಂದೆ ನಾಯಿಗಳ ನಡುವೆ ಬಿದ್ದೆ. "ಇಳಿ ಅವ್ವ! ಇಳಿ! ಹೆಪ್ಪು ಸರಿಯಿಲ್ಲ!"

"ಸರಿಯಿಲ್ಲ ಅಂದರೆ?" ಎಂದ ಕಿಲ್ಲಾಕ್.

"ಸ್ವಲ್ಪ... ಒಂಚೂರು ಹಳಸಿದೆ. ನಮ್ಮಜ್ಜನ ಕಾಲದಲ್ಲೂ ಒಮ್ಮೆ..."

ಅವ್ವ ಬಂಡಿಯಿಂದ ಇಳಿದಳು. ಒದ್ದೆ ಕೈಗವುಸನ್ನು ಕಿತ್ತು ತಲೆಕೆಳಗು ಮಾಡಿ ಜಾಡಿಸಿದಳು. ಅಂಗೈಗೆ ಬಿದ್ದದ್ದು ಒಂದು ಹಸಿರು ಬಟಾಣಿ. ಸ್ವಲ್ಪ ಸುಕ್ಕಾಗಿತ್ತು.

"ಹೆಪ್ಪಿನೊಳಗಿತ್ತು," ಎಂದಳು. "ಅವತ್ತು ಕೆರೆದು ತೆಗೆದೆ. ನೀನೇ ಹೇಳ್ತೀಯಾ ಅಂತ ಕಾದೆ."

ತುಕುಮಾ ಅಕ್ಕ ಬಗ್ಗಿ ನೋಡಿದಳು. "ಅಯ್ಯೋ, ಇದು ನನ್ನ ಅಂಗಡೀದು!"

"ಹಾಗೇನೂ ಇಲ್ಲ," ಎಂದೆ ನಾಯಿಗಳ ನಡುವಿನಿಂದಲೇ. "ಸಮುದ್ರದ ತಳದಲ್ಲಿ ಬಟಾಣಿ ಬಳ್ಳಿಗಳಿವೆ. ತಿಮಿಂಗಿಲಗಳು ನೀರು ಹಾಕಿ..."

"ಮಗಾ."

ಅಷ್ಟೇ. ಅವಳು ಕೂಗಲಿಲ್ಲ. ಒಂಬತ್ತು ವರ್ಷದ ಗಂಟಲಿನಿಂದ ನನ್ನ ಸತ್ತ ಅವ್ವ ಕರೆದಳು, ನಾನು ಎದ್ದು ಕೂತೆ. ನಾಯಿಯೊಂದು ನನ್ನ ಕಿವಿ ನೆಕ್ಕುತ್ತಿತ್ತು. ಕೂತಲ್ಲಿಂದಲೇ ಹೇಳಿದೆ. ಹೆಪ್ಪು ಕರಗಿಹೋಯಿತು. ಒಂದು ಬೇಸಗೆ ನಮ್ಮ ಹಗೇವಿಗೆ ಇಳಿದಾಗ ಸೊಂಟದವರೆಗೆ ನೀರಿತ್ತು, ಅದರಲ್ಲಿ ಬರಿಯ ತೊಗಲು ತೇಲುತ್ತಿತ್ತು. ಗಂಟು ಕಟ್ಟಿದ ಹಾಗೇ ಇತ್ತು, ಒಳಗೆ ಏನೂ ಇರಲಿಲ್ಲ. ಯಾರಿಗೂ ಹೇಳದೆ ಆ ನೀರನ್ನೇ ಒಂದು ಪಾತ್ರೆಗೆ ತುಂಬಿ ತುಕುಮಾ ಅಕ್ಕನ ಫ್ರೀಜರಿನಲ್ಲಿಟ್ಟೆ. ಅದೇ ಗಡ್ಡೆಯನ್ನು ತಂದು ಸಮುದ್ರಕ್ಕೆ ಹಾಕಿದೆ. ಆಮೇಲೆ ಪ್ರತಿ ವರ್ಷ ಸಮುದ್ರದಿಂದ ಒಡೆದಿಟ್ಟ ತುಂಡು ಬೇಸಗೆಯಲ್ಲಿ ಕರಗುವುದು, ಮತ್ತೆ ಪಾತ್ರೆ, ಮತ್ತೆ ಫ್ರೀಜರ್.

"ಎಷ್ಟು ವರ್ಷದಿಂದ?" ಕೇಳಿದ ಕಿಲ್ಲಾಕ್.

"ಇದು ಐದನೆಯದು."

ತುಕುಮಾ ಅಕ್ಕನೇ ಮೊದಲು ಬಾಯಿಬಿಟ್ಟಳು. "ಹಂಗಾದರೆ ನಾಲ್ಕು ವರ್ಷ ನಾವೆಲ್ಲ ಬಟಾಣಿ ಸಾರಿನ ಮೇಲೆ ಓಡಾಡಿದ್ದೀವಿ!" ಯಾರೋ ಕಿಸಕ್ಕೆಂದರು. ಕಿಲ್ಲಾಕ್ ನಗಲಿಲ್ಲ. ಅವನು ಬಂಡಿಯ ಅಡಿಗೆ ಕೈಹಾಕಿ, ಕಂಬಳಿಯೊಳಗೆ ಸುತ್ತಿ ಬಚ್ಚಿಟ್ಟಿದ್ದ ಕಬ್ಬಿಣದ ಮೊನೆಯ ಕೋಲನ್ನು ಹೊರಗೆಳೆದ. ನಾನು ಬಾಯಿ ತೆರೆದು ನೋಡಿದೆ. "ಎರಡು ವರ್ಷದಿಂದ ಇಟ್ಟುಕೊಂಡಿದ್ದೀನಿ ಭಾವ," ಎಂದ, ತಲೆ ತಗ್ಗಿಸಿ. "ದಂಡೆ ಮರೆಯಾದ ಮೇಲೆ ತೆಗೆದು ಕುಟ್ಟುತ್ತೀನಿ. ನಿಮ್ಮೆದುರಿಗೆ ಹೇಗೆ ತೆಗೀಲಿ?" ಅದನ್ನು ಕೇಳಿ ಇನ್ನೊಬ್ಬ ತನ್ನ ಕೋಟಿನೊಳಗಿಂದ ಮಡಚುವ ಕೋಲು ತೆಗೆದ. ಮತ್ತೊಬ್ಬಳು ಊರುಗೋಲನ್ನು ತಿರುಗಿಸಿ ತೋರಿಸಿದಳು, ತುದಿಗೆ ಮೊಳೆ ಬಡಿದಿತ್ತು. ಮರ್ಯಾದೆಗೆಟ್ಟ ಊರು! ಐದು ವರ್ಷ ನಾನು ಅವರಿಂದ ಮುಚ್ಚಿಟ್ಟೆ, ಅವರು ನನ್ನಿಂದ ಮುಚ್ಚಿಟ್ಟರು, ಮಧ್ಯೆ ಸಮುದ್ರ ಒಂದೇ ಮುಚ್ಚಿಕೊಳ್ಳದೆ ಇದ್ದದ್ದು.

ಕಿಲ್ಲಾಕ್ ದಂಡೆಯಿಂದ ಮೂವತ್ತು ಹೆಜ್ಜೆ ಹೋಗಿ ಕುಟ್ಟಿದ. ಮೂರನೆಯ ಪೆಟ್ಟಿಗೆ ಕೋಲು ಹೊಕ್ಕು ಕಪ್ಪು ನೀರು ಚಿಮ್ಮಿತು. ಮಂಜಿನ ದಪ್ಪ ನಾಲ್ಕು ಬೆರಳು. ಅಲ್ಲಿಂದ ಮುಂದೆ ಸೆಳವಿದೆ, ಅಲ್ಲಿ ಇನ್ನೂ ತೆಳು. ಎಂಟು ನಾಯಿ, ಬಂಡಿ, ಒಬ್ಬ ಗಂಡಸು, ಒಂದು ಮಗು. ಅವನು ಬಹಳ ಹೊತ್ತು ಆ ತೂತನ್ನೇ ನೋಡುತ್ತ ನಿಂತಿದ್ದ. ಮರಳಿ ಬಂದು ಮಗಳನ್ನು ಎತ್ತಿಕೊಂಡ, ಮುಖವನ್ನು ಅವಳ ಟೋಪಿಯೊಳಗೆ ಹುದುಗಿಸಿದ. ಅತ್ತೆ ಎಂದೋ, ಮಗಳೇ ಎಂದೋ ಏನೋ ಅಂದ, ಕೇಳಿಸಲಿಲ್ಲ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಕಥೆ ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

ಅಂದು ರೇಡಿಯೋದಲ್ಲಿ ಇವಾಲುವಿಗೂ ಹೇಳಿದೆವು. ಅವಳು, "ಅಣ್ಣ, 'ಏ' ಇನ್ನೂ ಸ್ವಲ್ಪ ದಿನ 'ಏ' ಆಗಿಯೇ ಇರ್ತಾನೆ ಬಿಡು. ಬದುಕಿ ಬನ್ನಿ," ಎಂದಳು.

ಮತ್ತೆ ಹತ್ತೊಂಬತ್ತು ದಿನ ಕಾದೆವು. ಈಗ ಎಲ್ಲರೂ ಎದುರಿಗೇ ಕೋಲು ಹಿಡಿದು ದಿನಾ ಕುಟ್ಟುತ್ತಿದ್ದರು, ತುಕುಮಾ ಅಕ್ಕ ಅಂಗಡಿಯ ಬಾಗಿಲಿಗೆ ದಪ್ಪ ಬರೆಯುತ್ತಿದ್ದಳು: ಆರು ಬೆರಳು, ಒಂದು ಗೇಣು, ಗೇಣಿಗೆ ಎರಡು ಬೆರಳು ಹೆಚ್ಚು. ಇಪ್ಪತ್ತನೆಯ ದಿನ ಊರು ಸೇರಿತು. ಮೊದಲು ನಡೆಯುವವನು ನಾನೇ ಎಂದಿತು. ಹೆಪ್ಪಿನ ಮನೆ ಹೌದೋ ಅಲ್ಲವೋ, ಬಟಾಣಿ ಹಾಕಿದವನು ನಾನು ತಾನೆ?

ನಾನು ಕೋಲು ಕುಟ್ಟುತ್ತ ನಡೆದೆ. ಸೆಳವಿನ ಜಾಗ ದಾಟಿದ ಮೇಲೆ ಕೈ ಎತ್ತಿದೆ. ಕಿಲ್ಲಾಕ್ ಅವ್ವನನ್ನು ಕೂರಿಸಿಕೊಂಡು ಬಂಡಿ ಹೊರಡಿಸಿದ. ನನ್ನ ಹತ್ತಿರ ಬಂದಾಗ ಅವ್ವ ಇಳಿದು, ಉಳಿದ ದಾರಿ ಮಗನ ಜೊತೆ ನಡೆಯುತ್ತೇನೆ ಎಂದಳು. ಒದ್ದೆ ಕೈಗವುಸನ್ನು ನನ್ನ ಕೈಯೊಳಗೆ ತುರುಕಿದಳು. ಆಚೆ ದಂಡೆಯ ಮನೆಗಳು ಸಣ್ಣಗೆ ಕಾಣುತ್ತಿದ್ದವು.

"ಮಗಾ, ಹಿಂದಿನ ನಾಲ್ಕು ವರ್ಷ ಮೊದಲು ನಡೆದವನು ನೀನೇ ಅಲ್ವಾ?"

"ನಾನೇ."

"ಹೆಪ್ಪು ಸುಳ್ಳು ಅಂತ ಗೊತ್ತಿದ್ದೂ?"

"ಗೊತ್ತಿದ್ದೂ."

"ಕೋಲೂ ಇಲ್ಲದೆ?"

"ಕೋಲು ತಗೊಂಡರೆ ಸಿಕ್ಕಿಬೀಳ್ತಿದ್ದೆನಲ್ಲ ಅವ್ವ."

"ಹೆದರಿಕೆ ಆಗಲಿಲ್ವಾ?"

ಇಂಥ ಪ್ರಶ್ನೆಗೆ ನನ್ನ ಬಳಿ ನೂರು ಉತ್ತರಗಳಿವೆ. ಹೆದರಿಕೆಯೇ ನನ್ನನ್ನು ಕಂಡು ಹೆದರಿತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಕೈ ನನ್ನ ಕೈಯೊಳಗಿತ್ತು, ಸುಳ್ಳು ಹೇಳಿದರೆ ಬೆರಳಿಗೆ ಗೊತ್ತಾಗಿಬಿಡುತ್ತದೆ.

"ಆಗಿತ್ತು ಅವ್ವ," ಎಂದೆ. "ಮೊದಲ ವರ್ಷ ಆಚೆ ದಂಡೆ ಮುಟ್ಟಿ ಅತ್ತುಬಿಟ್ಟೆ. ಯಾರೋ ಪಾಪ ಅಂತ ಊಟ ಹಾಕಿದರು. ವಾಪಸು ಬರೋಕೆ ಕಾಲು ಬರದೆ, ಅರ್ಧ ದಾರಿ ಹೊಟ್ಟೆ ಮೇಲೆ ತೆವಳಿಕೊಂಡು ಬಂದೆ."

"ಮತ್ತೆ ಆ ತಿಮಿಂಗಿಲ?"

ಊರವರ ದನಿ ಹಿಂದೆ ಬಹಳ ದೂರವಿತ್ತು. ಕೇಳಿಸಿಕೊಳ್ಳುವವರು ಅವಳೊಬ್ಬಳೇ.

"ತಿಮಿಂಗಿಲ ಇರಲಿಲ್ಲ ಅವ್ವ. ಧೈರ್ಯಕ್ಕೆ ಅಂತ ನಶ್ಯ ಏರಿಸಿಕೊಂಡೆ. ಸೀನಿದ್ದು ನಾನೇ."